ಅನುದಾನ ಘೋಷಿಸಿದರೆ ಸಾಲದು

ಜಿಲ್ಲೆಗಳ ಏಳಿಗೆ ರಾಜ್ಯ ಸರ್ಕಾರದ ಹಣಕಾಸು ನಿರ್ವಹಣೆಯನ್ನೇ ನೆಚ್ಚಿಕೊಂಡಿದೆ ಎಂದು ಪತ್ರಿಕೆಯ ಲೇಖನವೊಂದರಲ್ಲಿ ಓದಿದೆ; ಆ ಮಾತು ರಾಯಚೂರಿನವನಾದ ನನಗೆ ನೂರಕ್ಕೆ ನೂರು ಒಪ್ಪಿಗೆ. ಶಕ್ತಿನಗರದ ವಿದ್ಯುತ್, ಹಟ್ಟಿಯ ಚಿನ್ನ, ಕೃಷ್ಣೆ ತುಂಗಭದ್ರೆಯರ ನಡುವಿನ ಎರೆಭೂಮಿ, ಎಲ್ಲವೂ ಇಲ್ಲಿವೆ. ಆದರೂ ನಮ್ಮ ಜಿಲ್ಲೆಯ ದೇವದುರ್ಗವನ್ನು, ಪ್ರಾದೇಶಿಕ ಅಸಮತೋಲನದ ಅಧ್ಯಯನ ನಡೆಸಿದ ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಬೇಕಾಯಿತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ದಶಕ ಕಳೆದಿದೆ. ಅದರಿಂದ ನಮ್ಮ ಮಕ್ಕಳಿಗೆ ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಸಿಕ್ಕಿರುವುದು ನಿಜ, ಅದನ್ನು ಮರೆಯಲಾರೆ. ಆದರೆ ಸುಗ್ಗಿ ಮುಗಿದ ಮೇಲೆ ಸಂಜೆ ಬೆಂಗಳೂರು ಬಸ್ಸಿನ ಬಳಿ ನಿಂತು ನೋಡಿ: ಜೋಳದ ಹಿಟ್ಟಿನ ಚೀಲ, ರೊಟ್ಟಿ ಹಂಚು, ಕಂಕುಳಲ್ಲಿ ಕೂಸು. ಕೂಲಿ ಹುಡುಕಿ ಗುಳೆ ಹೊರಟವರು. ಸರ್ಕಾರ ನಮ್ಮ ಭಾಗಕ್ಕೆ ಘೋಷಿಸುವ ಅನುದಾನವನ್ನು ವರ್ಷದ ಕೊನೆಯಲ್ಲಿ ಅವಸರವಾಗಿ ಸಮುದಾಯ ಭವನಗಳಿಗೆ ಸುರಿಯದೆ, ಕಾಲುವೆಯ ಕೊನೆಯಂಚಿನ ಹೊಲಗಳಿಗೆ ನೀರು ತಲುಪಿಸಲು, ಹತ್ತಿ ಬೆಳೆಯುವಲ್ಲೇ ನೂಲಿನ ಗಿರಣಿ ಕಟ್ಟಲು ಮೊದಲು ಕೊಡಲಿ.