ನೂಲಿತ್ತು, ಮಗ್ಗ ನಿಂತಿತ್ತು

ಅಣ್ಣನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿ, ಯಾರಿಗರ ಉಪಯೋಗ ಆದ್ರ ಆಗ್ಲಿ" ಅಂದ.

ಇಳಕಲ್ಲಿನ ನಮ್ಮ ಓಣಿಯಲ್ಲಿ ಬೆಳಗಾಗುವುದೇ ಮಗ್ಗದ ಸಪ್ಪಳಕ್ಕೆ. ಯಾರು ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತರು, ಯಾರ ಸೀರೆ ಸೆರಗಿಗೆ ಬಂತು ಅಂತ ಸದ್ದಿನ ಮೇಲೇ ಹೇಳುವ ಹಿರಿಯರಿದ್ದಾರೆ. ಅಂಥ ಓಣಿಯಲ್ಲಿ ಎರಡು ವರ್ಷದ ಹಿಂದೆ ಅಣ್ಣನ ಮಗ್ಗ ಇಪ್ಪತ್ತು ದಿನ ಸುಮ್ಮನಿತ್ತು. ಕಂಡವರೆಲ್ಲ ಕೇಳಿದ್ದು ಒಂದೇ ಮಾತು: "ಯಾಕ, ನೂಲು ಸಿಗವಲ್ದೇನು?"

ನೂಲಿತ್ತು. ಅತ್ತಿಗೆ ನೂಲು ಸುತ್ತಿಟ್ಟ ಕಂಡಿಕೆಗಳು ಬುಟ್ಟಿ ತುಂಬ ಇದ್ದವು. ಅಣ್ಣ ಲಾಳಿ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತ ಮಧ್ಯಾಹ್ನದ ತನಕ ಕೂತಿರುತ್ತಿದ್ದ. ನಸುಕಿನ ಮೂರಕ್ಕೇ ಎಚ್ಚರ. ಅನ್ನ ಸೇರುತ್ತಿರಲಿಲ್ಲ. ಕೇಳಿದರೆ "ಎದಿ ಭಾರ ಆಗೇತಿ, ಕೈಕಾಲಾಗ ಕಸುವಿಲ್ಲ" ಅನ್ನುತ್ತಿದ್ದ. ನಾವೂ ಮೈಯ ಜಡ್ಡೇ ಅಂದುಕೊಂಡೆವು. ಸಲಾಯಿನ್ ಹಚ್ಚಿಸಿದೆವು. ಇಸಿಜಿ ನಾರ್ಮಲ್ ಬಂತು, "ಏನೂ ಇಲ್ಲ, ಟೆನ್ಶನ್ ಮಾಡ್ಕೋಬ್ಯಾಡ್ರಿ" ಅಂತ ಕಳಿಸಿದರು. ದೃಷ್ಟಿ ತೆಗೆಸಿದೆವು. ಒಂದಿನ ನಾನು "ಗಂಡಸಾಗಿ ಹಿಂಗ ಕುಂತ್ರ ಹೆಂಗ?" ಅಂದುಬಿಟ್ಟೆ. ಅವನು ತಲೆ ಎತ್ತಲಿಲ್ಲ. ಆ ಮಾತು ಆಡಿದ ನನ್ನ ಬಾಯಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನಮ್ಮ ಕಡೆ ಎದುರಿಗೆ ಸಿಕ್ಕವರಿಗೆಲ್ಲ "ಆರಾಮ ಅದೀರಿ?" ಅಂತೇವೆ. ಅವರು "ಆರಾಮ್ರಿ" ಅನ್ನುವಷ್ಟರಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತೇವೆ. ನಿಂತು ಕೇಳಿದ್ದು ಎದುರುಮನೆಯ ಆಯಿ ಒಬ್ಬಳೇ. ದಿನಾ ಮಧ್ಯಾಹ್ನ ಎರಡು ರೊಟ್ಟಿ, ಒಂದಿಷ್ಟು ಪಲ್ಯ ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಮಗ್ಗದ ಪಕ್ಕ ಕೂಡುತ್ತಿದ್ದಳು. ಬುದ್ಧಿ ಹೇಳುತ್ತಿರಲಿಲ್ಲ. ರಾಟಿ ಎಳಕೊಂಡು ತಾನೂ ಕಂಡಿಕೆ ಸುತ್ತುತ್ತಿದ್ದಳು. ನಾಲ್ಕನೇ ದಿನ ರಾಟಿ ನಿಲ್ಲಿಸಿ, "ತಮ್ಮಾ, ಸಾಯಬೇಕು ಅನಸ್ತೈತೇನು?" ಅಂತ ಕೇಳಿದಳು.

ಬಾಗಿಲಲ್ಲಿ ನಿಂತಿದ್ದ ನನಗೆ ನಡುಕ ಬಂತು. ಅಣ್ಣ "ಹೂಂ ಆಯಿ" ಅಂದವನೇ ಗೋಳೋ ಅಂತ ಅತ್ತ. ತಿಂಗಳಾನುಗಟ್ಟಲೆ ಒಳಗಿದ್ದದ್ದೆಲ್ಲ ಹೊರಗೆ ಬಂತು: ಸಾಲ, ವಾರದ ಕಂತು, ಬಾಗಿಲಿಗೆ ಬಂದು ನಿಂತವರ ಮಾತು.

ಹಾಗೆ ನೇರ ಕೇಳಿದರೆ ಇಲ್ಲದ ವಿಚಾರ ತಲೆಗೆ ಬರುತ್ತದೆ ಅನ್ನುವ ಹೆದರಿಕೆ ನಮ್ಮೆಲ್ಲರಿಗೂ ಇದೆ. ಅದು ತಪ್ಪು ತಿಳಿವಳಿಕೆ ಅಂತ ಆಮೇಲೆ ಮನೋವೈದ್ಯರೂ ಹೇಳಿದರು. ಕೇಳುವುದರಿಂದ ಯಾರಿಗೂ ಸಾಯುವ ವಿಚಾರ ಹೊಸದಾಗಿ ಹುಟ್ಟುವುದಿಲ್ಲ, ಹೊತ್ತು ತಿರುಗುತ್ತಿದ್ದವರಿಗೆ ಇಳಿಸಲು ಜಾಗ ಸಿಗುತ್ತದೆ.

ಆಯಿಗೆ ಹೆಂಗ ಗೊತ್ತಾಯ್ತು ಅಂತ ಕೇಳಿದೆ. "ನನ್ನ ಮಗ ಹ್ವಾದ ಮ್ಯಾಲ ಓಣಿ ತುಂಬ ಬುತ್ತಿ ಬಂದ್ವು. ಅಂವ ಇದ್ದಾಗ ಯಾರೂ ಬಂದು ಕುಂದ್ರಲಿಲ್ಲ" ಅಂದಳು.

ಸಾವಿನ ಮನೆಯಲ್ಲಿ ಒಲೆ ಹಚ್ಚಗೊಡದೆ ಸರತಿಯ ಮೇಲೆ ಬುತ್ತಿ ಒಯ್ಯುವ ಜನ ನಾವು. ಹಿಂಗೇ ಇರು ಅಂತ ಯಾರೂ ಹೇಳಿಕೊಡಬೇಕಿಲ್ಲ, ಅತ್ತವರ ಬೆನ್ನು ಸವರಲು ಗೊತ್ತಿದೆ. ಆ ಬುತ್ತಿ ಒಂದಷ್ಟು ದಿನ ಮೊದಲೇ ಹೋಗಲಿ ಅನ್ನುವುದಷ್ಟೇ ನನ್ನ ಮಾತು. ಬಾಗಿಲಿಗೆ ಹೋಗುವುದು ಇಳಕಲ್ಲಿಗೆ ಹೊಸದೂ ಅಲ್ಲ. ಇಲ್ಲಿನ ಮಠದ ಮಹಾಂತ ಶ್ರೀಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ, ದುಡ್ಡು ಕಾಳು ಬೇಡ, ನಿಮ್ಮ ಕುಡಿತ, ತಂಬಾಕು ಈ ಜೋಳಿಗೆಗೆ ಹಾಕಿ ಅಂತ ಬೇಡಿದವರು. ಅವರ ಹುಟ್ಟಿದ ದಿನ, ಆಗಸ್ಟ್ 1, ಇವತ್ತು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಕುಡಿಯುವವರು ಆಸ್ಪತ್ರೆಗೆ ಬರಲಿ ಅಂತ ಅವರು ಕಾಯಲಿಲ್ಲ. ಎಷ್ಟೋ ಮನೆಗಳಲ್ಲಿ ಕುಡಿತದ ಕೆಳಗೆ ಇರುವುದು ಅಣ್ಣನಿಗಿದ್ದ ಇದೇ ಭಾರ. ಅದಕ್ಕೂ ಒಂದು ಜೋಳಿಗೆ ಬೇಕು.

ಓಣಿಯ ಪ್ರೀತಿಯಿಂದಲೇ ಎಲ್ಲ ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅಣ್ಣನಿಗಿದ್ದದ್ದು ಖಿನ್ನತೆ, ಅದಕ್ಕೆ ಗುಳಿಗೆ ಬೇಕಿತ್ತು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಅಂದರೆ "ಹುಚ್ಚರ ಆಸ್ಪತ್ರಿ" ಅಂತಲೇ ಕೇಳಿ ಬೆಳೆದವರು ನಾವು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನೂರು ವಯಸ್ಕರಲ್ಲಿ ಹತ್ತಕ್ಕೂ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ, ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆಯುವುದಿಲ್ಲ. ನಮ್ಮ ಓಣಿಯ ಲೆಕ್ಕಕ್ಕೆ ಇಟ್ಟು ನೋಡಿದರೆ ಎಷ್ಟು ಮನೆಯಾದವು?

ಖಿನ್ನತೆಯ ಗುಳಿಗೆ ತಲೆನೋವಿನ ಗುಳಿಗೆಯಂಗೆ ಅವತ್ತೇ ಕೆಲಸ ಮಾಡುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕು. ಹುಷಾರಾದೆ ಅಂತ ನಡುವೆ ಬಿಡುವಂತಿಲ್ಲ, ತಿಂಗಳುಗಟ್ಟಲೆ ತಗೋಬೇಕು. ಓಣಿ ಬೇಕಾಗುವುದು ಆ ಮೊದಲ ವಾರಗಳಲ್ಲಿ. ಗುಳಿಗೆ ನೆನಪಿಸಲು ಅತ್ತಿಗೆ, ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲು ನಾನು, ಸಂಜೆ ಗುಡಿಯ ಕಟ್ಟೆತನಕ ಕರೆದೊಯ್ಯಲು ಪಕ್ಕದ ಮಗ್ಗದವರು. ಐದನೇ ವಾರ ಅವನು ತಾನೇ ಕೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಅತ್ತಿಗೆ ಒಳಗೆ ಹೋಗಿ ಅತ್ತಳು.

ನಡುರಾತ್ರಿ ಯಾರೂ ಇಲ್ಲದಾಗ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ, ಸರ್ಕಾರದ್ದು, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಪೊಲೀಸ್ ಕೇಸಿಗೆ ಹೆದರಿ ಮುಚ್ಚಿಡುವವರಿಗೂ ಒಂದು ಮಾತು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸಾಯಲು ಹೊರಟವರನ್ನು ತೀವ್ರ ಒತ್ತಡದಲ್ಲಿರುವವರು ಅಂತ ನೋಡುತ್ತದೆ, ಅಪರಾಧಿ ಅಂತಲ್ಲ.

ಈ ಮಂಗಳವಾರ ಇನ್ನೊಬ್ಬರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದಿದೆ. ಅವರು ಮನೆಯಲ್ಲಿ ಇನ್ನೂ ಹೇಳಿಲ್ಲ. ನಾನು ಹೊರಟಿದ್ದೆ, ಅಣ್ಣ ತಡೆದ. "ನೀ ಬ್ಯಾಡ, ನಾ ಹೋಗ್ತೀನಿ. ಒಳಗ ಹೆಂಗ ಇರತೈತಿ ಅಂತ ನನಗ ಗೊತ್ತೈತಿ" ಅಂದ.