ಸೈಟ್ ನೋಡಲು ಆಷಾಢದಲ್ಲಿ ಬನ್ನಿ

ಕಾರವಾರ, ಅಂಕೋಲಾ, ಕುಮಟೆ ಕಡೆ ಸೈಟ್ ನೋಡಲು ಜನ ಬರುವುದು ಬೇಸಿಗೆಯಲ್ಲಿ. ಆಗ ನೆಲ ಗಟ್ಟಿ, ರಸ್ತೆ ಚೊಕ್ಕ, ಗಟಾರ ಖಾಲಿ. ಆ ಜಾಗದ ನಿಜವಾದ ಗುಣ ತಿಳಿಯುವುದು ಜುಲೈನಲ್ಲಿ. ಇಲ್ಲಿನ ಬಡಾವಣೆಗಳಲ್ಲಿ ಇರುವವರ ಆರೋಗ್ಯ, ನೆಮ್ಮದಿ ಎರಡೂ ಮನೆಯೊಳಗಿನ ಟೈಲ್ಸ್‌ಗಿಂತ ಹೆಚ್ಚಾಗಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ನಿಂತಿವೆ. ಬಯಲುಸೀಮೆಯ 30–40 (30 ಅಡಿಗೆ 40 ಅಡಿ) ಸೈಟಿನ ಚೌಕಟ್ಟನ್ನು ಹಾಗೆಯೇ ತಂದು ಕರಾವಳಿಯ ಗದ್ದೆಯ ಮೇಲೆ ಹಾಸುವುದು ತಪ್ಪು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಲೆಕ್ಕ ನೋಡಿ. ಕುಡಿಯುವ ನೀರಿನ ಬಾವಿಗೂ ಶೌಚದ ಇಂಗುಗುಂಡಿಗೂ ಕನಿಷ್ಠ 18 ಮೀಟರ್, ಅಂದರೆ ಸುಮಾರು 59 ಅಡಿ ಅಂತರ ಇರಬೇಕು ಎನ್ನುತ್ತದೆ ಭಾರತೀಯ ಮಾನಕ. 30–40 ಸೈಟಿನ ಒಂದು ಮೂಲೆಯಿಂದ ಎದುರಿನ ಮೂಲೆಗೆ ಅಳೆದರೂ 50 ಅಡಿ ಮಾತ್ರ. ಒಂದು ಮೂಲೆಯಲ್ಲಿ ಬಾವಿ, ಇನ್ನೊಂದು ಮೂಲೆಯಲ್ಲಿ ಗುಂಡಿ ತೋಡಿದರೂ ಅಂತರ ಸಾಲದು. ಮೇಲಾಗಿ ಪಕ್ಕದ ಮನೆಯವರ ಗುಂಡಿ ನಿಮ್ಮ ಪಾಗಾರದಿಂದ ಮೂರೇ ಅಡಿ ಆಚೆ ಇರಬಹುದು. ಮನೆ ಕಟ್ಟುವವರ ಅಜಾಗ್ರತೆ ಇದಲ್ಲ, ನಕಾಶೆಯಲ್ಲೇ ಕೂತಿರುವ ದೋಷ.

ಮಳೆಗಾಲದಲ್ಲಿ ಇದು ಇನ್ನೂ ಬಿಗಡಾಯಿಸುತ್ತದೆ. ಕರಾವಳಿಯ ಮರಳು ನೆಲ ನೀರನ್ನು ಸರಿಯಾಗಿ ಸೋಸುವ ಮೊದಲೇ ಕೆಳಗೆ ಬಿಟ್ಟುಬಿಡುತ್ತದೆ. ಚಿರೇಕಲ್ಲಿನ ನೆಲದಲ್ಲಿ ಕೊರಕಲುಗಳಿರುತ್ತವೆ, ಕೊಳಕು ಅಲ್ಲಿಂದ ದೂರಕ್ಕೂ ಹರಿಯುತ್ತದೆ. ತಗ್ಗು ಜಾಗಗಳಲ್ಲಿ ಅಂತರ್ಜಲ ಕೈಗೆಟಕುವಷ್ಟು ಮೇಲೆ ಬಂದಾಗ ಇಂಗುಗುಂಡಿಗೆ ಇಂಗಿಸಲು ಜಾಗವೇ ಉಳಿಯುವುದಿಲ್ಲ. ಫ್ಲಶ್ ಮಾಡಿದ್ದು ಹಿಂದಕ್ಕೆ ಬರುತ್ತದೆ, ಬಾವಿ ನೀರಿಗೆ ವಾಸನೆ ಹತ್ತುತ್ತದೆ, ಮಕ್ಕಳಿಗೆ ಭೇದಿ ಶುರುವಾಗುತ್ತದೆ.

ಬಾವಿ ಇರುವವರು ಬ್ಲೀಚಿಂಗ್ ಪುಡಿಯನ್ನು ಕಣ್ಣಂದಾಜಿನಲ್ಲಿ ಸುರಿಯಬೇಡಿ. ಒಳ್ಳೆಯ ಪುಡಿಯಾದರೆ 1,000 ಲೀಟರಿಗೆ 2.5 ಗ್ರಾಂ ಸಾಕು. ಬಾವಿಯ ವ್ಯಾಸ 2 ಮೀಟರ್, ನೀರು 3 ಮೀಟರ್ ಇದ್ದರೆ ಅದು ಸುಮಾರು 9,400 ಲೀಟರ್, ಹಾಕಬೇಕಾದದ್ದು 24 ಗ್ರಾಂ. ಜುಲೈನಲ್ಲಿ ನೀರು ಏರಿದಾಗ ಲೆಕ್ಕ ಬದಲಾಗುತ್ತದೆ, ಮತ್ತೆ ಅಳೆಯಿರಿ. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಡಿ, ಕೊಡ ಇಳಿಸಿ ಎತ್ತಿ ಚೆನ್ನಾಗಿ ಕಲಕಿ, ಒಂದು ಗಂಟೆ ಬಿಟ್ಟು ಸೇದಿ. ಕಟ್ಟು ಬಿಚ್ಚಿ ಇಟ್ಟ ಪುಡಿ ತೇವ ಕುಡಿದು ಸತ್ವ ಕಳೆದುಕೊಳ್ಳುತ್ತದೆ, ಹೋದ ವರ್ಷದ್ದು ಬೇಡ. ಆದರೆ ಗುಂಡಿ ಪಕ್ಕದಲ್ಲೇ ಇದ್ದರೆ ಇದೆಲ್ಲ ತಾತ್ಕಾಲಿಕ, ನಾಳೆ ಮತ್ತೆ ಅದೇ ನೀರು.

ಪರಿಹಾರ ಇಡೀ ಬಡಾವಣೆಯ ಮಟ್ಟದಲ್ಲಿ ಆಗಬೇಕು. ಏರು ಮಗ್ಗುಲಲ್ಲಿ ಎಲ್ಲರಿಗೂ ಸೇರಿ ಒಂದೋ ಎರಡೋ ಬಾವಿ, ಇಳಿಜಾರಿನ ತುದಿಯಲ್ಲಿ ಸಾಮೂಹಿಕ ಸೆಪ್ಟಿಕ್ ಟ್ಯಾಂಕ್, ಅದರ ಹತ್ತಿರದವರೆಗೆ ಗುಂಡಿ ಖಾಲಿ ಮಾಡುವ ಟ್ಯಾಂಕರ್ ಬರುವಷ್ಟು ಅಗಲದ ರಸ್ತೆ. ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಲೇಬೇಕು. ಟ್ಯಾಂಕರ್ ಬರಲಾಗದ ಓಣಿಯಲ್ಲಿ ಅದು ಯಾವತ್ತೂ ನಡೆಯುವುದಿಲ್ಲ.

ಇನ್ನು ಮಳೆನೀರು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಒಂದೇ ದಿನ 100 ಮಿ.ಮೀ. ಸುರಿದರೆ ಒಂದು ಎಕರೆಯ ಮೇಲೆ 4 ಲಕ್ಷ ಲೀಟರ್ ನೀರು. ಗದ್ದೆ ಇದ್ದಾಗ ಬದುಗಳು ಅದನ್ನು ಹಿಡಿದು ನಿಧಾನಕ್ಕೆ ಬಿಡುತ್ತಿದ್ದವು. ಗುಡ್ಡ ಕೊರೆದು ತಂದ ಕೆಂಪು ಮಣ್ಣು ತುಂಬಿದ ಮೇಲೆ ಅಷ್ಟೂ ನೀರು ಪಕ್ಕದ ಹಳೆ ಮನೆಗಳ ಅಂಗಳಕ್ಕೆ ನುಗ್ಗುತ್ತದೆ. ಗುಡ್ಡದ ಕಡೆ ಕೊರೆದದ್ದರ ಬೆಲೆಯೂ ನಮಗೆ ಗೊತ್ತಿದೆ: 2009ರಲ್ಲಿ ಕಡವಾಡದ ಝರಿವಾಡದಲ್ಲಿ, 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು. ಗುಡ್ಡದ ಬುಡದಲ್ಲಿ ತಡೆಗೋಡೆ ಕಟ್ಟುವವರು ನೀರು ಹೊರಬರಲು ತೂತು ಬಿಡುವುದಿಲ್ಲ. ಒಂದೂವರೆ–ಎರಡು ಮೀಟರಿಗೆ ಒಂದರಂತೆ 3–4 ಇಂಚಿನ ಪೈಪ್, ಅದರ ಹಿಂದೆ ಜಲ್ಲಿ, ಗುಡ್ಡದ ತಲೆಯಲ್ಲಿ ನೀರು ಪಕ್ಕಕ್ಕೆ ತಿರುಗಿಸುವ ಕಾಲುವೆ, ಈ ಮೂರೂ ಬೇಕು. ನೆನೆದ ಮಣ್ಣಿನ ಜೊತೆಗೆ ಹಿಂದೆ ನಿಂತ ನೀರೂ ಒತ್ತಿದರೆ ಎಂಥ ದಪ್ಪ ಗೋಡೆಯೂ ಮುಂದಕ್ಕೆ ಬಾಗುತ್ತದೆ.

ದೇಹದಷ್ಟೇ ಮನಸ್ಸಿನ ಮಾತೂ ಇದೆ. ನಾಲ್ಕು ತಿಂಗಳು ಮಳೆ ಎಂದರೆ ವಯಸ್ಸಾದವರಿಗೆ ನಾಲ್ಕು ತಿಂಗಳು ಮನೆಯೊಳಗೇ. ಹಳೆ ಮನೆಗಳಲ್ಲಿ ಜಗಲಿ ಇತ್ತು, ಪಡುವಣ ಗಾಳಿಗೆ ಹೆಣೆದ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಕೂತಲ್ಲೇ ದಾರಿಹೋಕರ ಜೊತೆ ಮಾತು ನಡೆಯುತ್ತಿತ್ತು. ಈಗ ಆರಡಿ ಪಾಗಾರ, ಒಳಗೆ ಟಿವಿ. ಐದಡಿ ಅಗಲದ ಜಗಲಿ, 15 ಸೆಂ.ಮೀ. ಎತ್ತರ ಮೀರದ ಮೆಟ್ಟಿಲು, ಒಂದು ಕೈಹಿಡಿ: ಇಷ್ಟಿದ್ದರೆ ಮೊಣಕಾಲು ನೋವಿನ ಅಜ್ಜಿಯೂ ಹೊರಗೆ ಬರುತ್ತಾಳೆ. ಕಾರವಾರದ ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟವರ ವಿಷಯದಲ್ಲಿ ವರ್ಷಗಟ್ಟಲೆ ಚರ್ಚೆ ನಡೆದದ್ದು ಹೆಚ್ಚಾಗಿ ಪರಿಹಾರದ ಹಣದ ಬಗ್ಗೆ. ಬಲೆ ಹರಡಲು, ಮೀನು ಒಣಗಿಸಲು ಬೇಕಾದ ಅಂಗಳಕ್ಕೆ ಬೆಲೆ ಕಟ್ಟುವುದು ಹೇಗೆ ಹೇಳಿ?

ಬಸ್ಸೂ ಹಾಗೆಯೇ. 2023ರ ಜೂನ್‌ನಿಂದ ಹೆಂಗಸರಿಗೆ ಪ್ರಯಾಣ ಉಚಿತ. ಆದರೆ ಬಡಾವಣೆ ಒಂದು ಕಡೆ, ನಿಲ್ದಾಣ ಹೆದ್ದಾರಿ 66ರ ಆಚೆ ಕಡೆ ಇದ್ದರೆ ಮಗುವನ್ನು ಎತ್ತಿಕೊಂಡ ತಾಯಿ ಸುರಿವ ಮಳೆಯಲ್ಲಿ ನಾಲ್ಕು ಪಥ ದಾಟಬೇಕು.

ಸೈಟ್ ಕೊಳ್ಳುವ ಮೊದಲು ಒಮ್ಮೆ ಜೋರು ಮಳೆಯ ಮರುದಿನ ಕೊಡೆ ಹಿಡಿದು ಅಲ್ಲಿ ಓಡಾಡಿ. ಹಳೆ ಮನೆಗಳ ಗೋಡೆಯಲ್ಲಿ ನೀರು ನಿಂತ ಗುರುತು ಎಷ್ಟು ಎತ್ತರಕ್ಕಿದೆ ನೋಡಿ, ಅಲ್ಲಿಯವರನ್ನು ಮಾತಾಡಿಸಿ. ಈಗಾಗಲೇ ಕೊಂಡವರು ಪಂಚಾಯಿತಿಯಿಂದ ನಕಾಶೆಯ ಪ್ರತಿ ತೆಗೆದುಕೊಂಡು, ಸಿ.ಎ. ಸೈಟ್ (ಸಾರ್ವಜನಿಕ ಸೌಲಭ್ಯಕ್ಕೆ ಮೀಸಲಿಟ್ಟ ನಿವೇಶನ) ಎಂದು ಬರೆದ ಜಾಗ ಈಗ ಯಾರ ಕೈಯಲ್ಲಿದೆ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಅಂಗನವಾಡಿಗೂ ನಾಲ್ಕು ಜನ ಕೂರುವ ಮಾಡಿನ ಕಟ್ಟೆಗೂ ಇರುವ ಜಾಗ ಅದೊಂದೇ.