ಬೆಂಚಿನ ಮೇಲಿನ ಐವರು: ಮಕ್ಕಳ ಕಬಡ್ಡಿಯಲ್ಲಿ ಎಲ್ಲರನ್ನೂ ಆಡಿಸಲೇಬೇಕೇ?

ತುಮಕೂರು ಸೀಮೆಯಲ್ಲಿ ಗಣೇಶನ ಹಬ್ಬ ಬಂತೆಂದರೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಫ್ಲೆಕ್ಸುಗಳೂ ಬಂದವು ಅಂತಲೇ ಲೆಕ್ಕ. ಕೆಲವು ಊರುಗಳಲ್ಲಿ ದೊಡ್ಡವರ ಆಟದ ಜೊತೆಗೆ ಹದಿನಾಲ್ಕರ ಒಳಗಿನ ಹುಡುಗರಿಗೂ ಪಂದ್ಯ ಇಡುತ್ತಾರೆ. ಗುಬ್ಬಿ ತಾಲ್ಲೂಕಿನ ಒಂದು ಊರಿನಲ್ಲಿ ಅಂಥ ಪಂದ್ಯಾವಳಿಗೆ ನಿಯಮ ಬರೆಯಲು ಕೂತಾಗ ಒಂದೇ ಒಂದು ಸಾಲಿಗೆ ಬಂದು ಮಾತು ಕಟ್ಟಿಕೊಂಡಿತು: ‘ಪಟ್ಟಿಯಲ್ಲಿರುವ ಹನ್ನೆರಡೂ ಮಕ್ಕಳು ಪ್ರತಿ ಪಂದ್ಯದಲ್ಲಿ ಕನಿಷ್ಠ 5 ನಿಮಿಷ ಅಂಕಣದಲ್ಲಿರಬೇಕು. ತಪ್ಪಿದರೆ ಆ ತಂಡ ಸೋತಂತೆ.’ ಆ ರಾತ್ರಿ ಎದುರುಬದುರಾಗಿ ಕೂತಿದ್ದ ಇಬ್ಬರು ಇಲ್ಲಿ ಬರೆದಿದ್ದಾರೆ. ಒಬ್ಬರು ಸರ್ಕಾರಿ ಶಾಲೆಯ ಗಣಿತ ಶಿಕ್ಷಕಿ, ಇನ್ನೊಬ್ಬರು ಹಳೆಯ ಆಟಗಾರ, ಈಗ ಅಂಪೈರು.

ಪರ: ಜರ್ಸಿ ಮಣ್ಣಾಗಲಿ

ನಾನು ಕಬಡ್ಡಿ ಆಡಿದವಳಲ್ಲ. ನಮ್ಮ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರ ಹುದ್ದೆ ಖಾಲಿ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಮಕ್ಕಳನ್ನು ಯಾರಾದರೂ ಕರೆದುಕೊಂಡು ಹೋಗಲೇಬೇಕಲ್ಲ, ಆ ‘ಯಾರಾದರೂ’ ನಾನಾದೆ. ಮೊದಲ ವರ್ಷ ಲೋನಾ ಅಂದರೆ ಏನೆಂದೇ ಗೊತ್ತಿರಲಿಲ್ಲ. ಎದುರಿನ ಏಳೂ ಜನ ಔಟಾದರೆ ಎರಡು ಅಂಕ ಹೆಚ್ಚಿಗೆ ಸಿಗುತ್ತದೆ ಅಂತ ಏಳನೇ ಕ್ಲಾಸಿನ ಒಬ್ಬ ಹುಡುಗ ನನಗೆ ಪಾಠ ಹೇಳಿದ. ಎದುರಿನವರ ಅಂಕಣಕ್ಕೆ ನುಗ್ಗುವ ರೈಡಿಗೆ 30 ಸೆಕೆಂಡು, ಎದುರು ಆರು ಜನವಾದರೂ ಇದ್ದರಷ್ಟೇ ಬೋನಸ್ ಅಂಕ, ಬೋನಸ್ ಗೆರೆ ದಾಟುವಾಗ ಹಿಂದಿನ ಕಾಲು ನೆಲ ಬಿಟ್ಟಿರಬೇಕು, ಎಲ್ಲ ಅವನಿಗೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತಿತ್ತು. ನಿಜವಾದ ಮಗ್ಗಿ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಅವನ ಬೆನ್ನ ಮೇಲಿನ ನಂಬರು 12. ಅವತ್ತು ಮೂರು ಪಂದ್ಯ ಆಡಿದೆವು, ಅವನು ಮೂರರಲ್ಲೂ ನೀರಿನ ಕ್ಯಾನು ಕಾದ. ಸಂಜೆ ಟೆಂಪೋ ಹತ್ತುವ ಹೊತ್ತಿಗೆ ತಲೆ ಎಣಿಸಿದರೆ ಒಬ್ಬ ಕಡಿಮೆ. ಹುಡುಕಿಕೊಂಡು ಹೋದರೆ ಮೈದಾನದ ಹಿಂದಿನ ನಲ್ಲಿ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಕೆಮ್ಮಣ್ಣು ಬೊಗಸೆಯಲ್ಲಿ ಹಿಡಿದು, ಮೊದಲು ಮಂಡಿಗೆ, ಆಮೇಲೆ ಜರ್ಸಿಯ ಎದೆಗೆ, ಆಮೇಲೆ ಕಷ್ಟಪಟ್ಟು ಬೆನ್ನಿಗೂ ಉಜ್ಜಿಕೊಳ್ಳುತ್ತಿದ್ದಾನೆ. ‘ಏನೋ ಇದು?’ ಅಂದೆ. ‘ಅವ್ವ ಕೇಳ್ತದೆ ಮಿಸ್’ ಅಂದ.

ನಾನು ಲೆಕ್ಕದ ಟೀಚರ್. ಆ ರಾತ್ರಿ ಮಾಡಿದ ಲೆಕ್ಕವನ್ನೇ ಸಭೆಯಲ್ಲೂ ಹೇಳಿದೆ. ಮಕ್ಕಳ ಪಂದ್ಯಕ್ಕೆ ಹದಿನೈದು ಹದಿನೈದು ನಿಮಿಷದ ಎರಡು ಅವಧಿ, ಒಟ್ಟು 30 ನಿಮಿಷ. ಒಮ್ಮೆಗೆ ಏಳು ಜನ. ಅಂದರೆ ಒಂದು ತಂಡದ ಕೈಲಿ 210 ನಿಮಿಷದ ಆಟವಿದೆ. ಹನ್ನೆರಡು ಜನಕ್ಕೆ ಸಮನಾಗಿ ಹಂಚಿದರೆ ತಲೆಗೆ ಹದಿನೇಳೂವರೆ ನಿಮಿಷ ಬರುತ್ತದೆ. ಅಷ್ಟನ್ನು ನಾನು ಕೇಳುತ್ತಲೇ ಇಲ್ಲ. ಬೆಂಚಿನ ಐದು ಮಕ್ಕಳಿಗೆ ಐದೈದು ನಿಮಿಷ, ಒಟ್ಟು 25. ಇದು 210ರಲ್ಲಿ ಎಂಟನೇ ಒಂದು ಪಾಲೂ ಆಗುವುದಿಲ್ಲ. ಮಿಕ್ಕ 185 ನಿಮಿಷ ನಿಮ್ಮ ಹುಲಿಗಳನ್ನೇ ಆಡಿಸಿಕೊಳ್ಳಿ, ಯಾರು ಬೇಡ ಅಂದರು?

‘ಆಟದ ನಿಯಮಕ್ಕೆ ಕೈ ಹಾಕಬಾರದು’ ಅಂತ ಅಂಪೈರು ಅಣ್ಣ ಅವತ್ತು ಜೋರಾಗಿಯೇ ಹೇಳಿದರು. ಆದರೆ ಕೈ ಹಾಕಿ ಆಗಿದೆಯಲ್ಲ! ದೊಡ್ಡ ಗಂಡಸರ ಪಂದ್ಯ ಇಪ್ಪತ್ತು ಇಪ್ಪತ್ತು ನಿಮಿಷ, ಮಕ್ಕಳದ್ದು ಹದಿನೈದು. ಅವರ ತೂಕದ ಮಿತಿ 85 ಕೆ.ಜಿ., ಸಬ್ ಜೂನಿಯರ್ ಅಂದರೆ ಕಿರಿಯ ವರ್ಗದ ಹುಡುಗರದ್ದು 55. ದೊಡ್ಡವರ ಅಂಗಿಯನ್ನು ಮಕ್ಕಳ ಅಳತೆಗೆ ಕತ್ತರಿಸಿ ಹೊಲಿದು ಎಷ್ಟೋ ಕಾಲವಾಯಿತು. ನಾನು ಕೇಳುತ್ತಿರುವುದು ಇನ್ನೊಂದು ಹೊಲಿಗೆ.

ನನ್ನ ಅಣ್ಣನ ಮಗ ಕೆನಡಾದಲ್ಲಿ ಐಸ್ ಹಾಕಿ ಆಡುತ್ತಾನೆ. ವಿಡಿಯೋ ಕಳಿಸುತ್ತಿರುತ್ತಾನೆ. ಮಂಜುಗಡ್ಡೆಯ ಮೇಲೆ ಗೋಲ್‌ಕೀಪರೂ ಸೇರಿ ಒಮ್ಮೆಗೆ ಆರು ಜನ. ಒಂದು ನಿಮಿಷವೂ ಆಗಿರುವುದಿಲ್ಲ, ಈ ಗುಂಪು ತಡೆಗೋಡೆ ಹಾರಿ ಹೊರಗೆ, ಆ ಗುಂಪು ಒಳಗೆ. ಆಟ ನಡೆಯುತ್ತಲೇ ಇರುತ್ತದೆ, ಯಾರೂ ಸೀಟಿ ಊದುವುದಿಲ್ಲ. ಆ ಆಟ ಹೆಸರಾಗಿರುವುದೇ ಮೈಗೆ ಮೈ ಗುದ್ದುವುದಕ್ಕೆ. ಆದರೂ ಹನ್ನೊಂದು ಹನ್ನೆರಡು ವರ್ಷದ ಮಕ್ಕಳ ಪಂದ್ಯಗಳಲ್ಲಿ ಹಾಗೆ ಗುದ್ದುವುದನ್ನು ಅಮೆರಿಕದವರು 2011ರಲ್ಲಿ, ಕೆನಡಾದವರು 2013ರಲ್ಲಿ ನಿಲ್ಲಿಸಿಬಿಟ್ಟರು. ಆಟ ಕೆಟ್ಟುಹೋಗುತ್ತೆ ಅಂತ ಅಲ್ಲೂ ದೊಡ್ಡ ಗಲಾಟೆಯೇ ಆಯಿತಂತೆ. ಅಲ್ಲಿನ ಮಕ್ಕಳು ಇವತ್ತಿಗೂ ಆಡುತ್ತಲೇ ಇದ್ದಾರೆ.

ಇನ್ನೊಂದು ಮಾತು. ಹದಿಮೂರರ ಹುಡುಗರಲ್ಲಿ ಯಾರು ಮುಂದೆ ಆಟಗಾರ ಆಗುತ್ತಾನೆ ಅಂತ ಈಗಲೇ ಹೇಳುವವರನ್ನು ನಾನು ನಂಬುವುದಿಲ್ಲ. ಒಂದೇ ವರ್ಷದ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ವಯೋಮಿತಿಗೆ ಬರುತ್ತಾರೆ. ಆ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ನಾಲ್ಕು ಬೆರಳಿನಷ್ಟು ಎತ್ತರ. ಬೇಗ ಬೆಳೆದವನು ಆಡಿ ಆಡಿ ಇನ್ನೂ ಗಟ್ಟಿಯಾಗುತ್ತಾನೆ, ತಡವಾಗಿ ಬೆಳೆಯುವವನು ಕೂತು ಕೂತು ಆಟ ಬಿಡುತ್ತಾನೆ. ಆಮೇಲೆ ‘ಅವನಿಗೆ ಆಸಕ್ತಿಯೇ ಇರಲಿಲ್ಲ’ ಅಂತ ನಾವೇ ಷರಾ ಬರೆಯುತ್ತೇವೆ.

ಗೆದ್ದ ಕಪ್ಪು ಹೆಡ್‌ಮಾಸ್ಟರ ಕೊಠಡಿಯ ಬೀರುವಿನ ಮೇಲೆ ಹೋಗಿ ಕೂರುತ್ತದೆ. ನಮ್ಮಲ್ಲಿ ಅಂಥವು ನಾಲ್ಕಿವೆ, ಒಂದರೊಳಗೆ ಚಾಕ್‌ಪೀಸು ಇಟ್ಟಿದ್ದೇವೆ. 12ನೇ ನಂಬರಿನ ಹುಡುಗ ಹೈಸ್ಕೂಲಿಗೆ ಹೋದ. ಕಬಡ್ಡಿ ಆಡ್ತೀಯೇನೋ ಅಂತ ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೇಳಿದೆ. ‘ಇಲ್ಲ ಮಿಸ್, ನೋಡ್ತೀನಿ’ ಅಂದ.

ವಿರೋಧ: ಐದು ನಿಮಿಷದ ದಾನ ಬೇಡ

ಮೇಡಂ ಬರೆದದ್ದನ್ನು ಎರಡು ಸಲ ಓದಿದೆ. ಆ ಹುಡುಗನ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ನಾನೂ ಎರಡು ವರ್ಷ ಟವೆಲ್ಲು ಹಿಡಿದು ಕೂತವನೇ. ಮಣ್ಣು ಬಳಿದುಕೊಳ್ಳುವ ಉಪಾಯ ಮಾತ್ರ ನನಗೆ ಹೊಳೆದಿರಲಿಲ್ಲ.

ನನ್ನ ತಕರಾರು ಆ ಲೆಕ್ಕದ ಮೇಲೆ. ಕಾಗದದ ಮೇಲೆ 210 ನಿಮಿಷ ಸರಿಯಾಗಿಯೇ ಬರುತ್ತದೆ. ಆದರೆ ಕಬಡ್ಡಿಯಲ್ಲಿ ಏಳು ಜನ ಇಡೀ ಹೊತ್ತು ಅಂಕಣದಲ್ಲಿ ಇರುತ್ತಾರಾ? ಔಟಾದವನು ಹೊರಗೆ ಸಿಟ್ಟಿಂಗ್ ಬ್ಲಾಕಿನಲ್ಲಿ ಕೂರುತ್ತಾನೆ, ತಂಡಕ್ಕೆ ಅಂಕ ಬಂದ ಹಾಗೆ ಔಟಾದ ಸರದಿಯಲ್ಲೇ ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಈಗ ಹೇಳಿ, ಐದು ನಿಮಿಷಕ್ಕೆಂದು ಇಳಿಸಿದ ಹುಡುಗ ಮೊದಲ ರೈಡಿಗೇ ಔಟಾಗಿ ನಾಲ್ಕು ನಿಮಿಷ ಹೊರಗೆ ಕೂತ. ಆ ನಾಲ್ಕು ನಿಮಿಷ ಲೆಕ್ಕಕ್ಕೆ ಬರುತ್ತಾ? ಬರುತ್ತೆ ಅಂದರೆ ಬೆಂಚು ಬಿಟ್ಟು ಬ್ಲಾಕಿನಲ್ಲಿ ಕೂರಿಸಿದ ಹಾಗಾಯಿತು. ಬರಲ್ಲ ಅಂದರೆ ಸ್ಕೋರರು ಹನ್ನೆರಡು ಸ್ಟಾಪ್‌ವಾಚು ಇಟ್ಟುಕೊಂಡು ಕೂರಬೇಕು. ನಮ್ಮ ಪಂದ್ಯಾವಳಿಯಲ್ಲಿ ಇರುವುದು ಒಂದು ವಾಚು, ಅದೂ ಸ್ಕೋರರ ಮೊಬೈಲಿನಲ್ಲಿ. ನಡುವೆ ಅವನ ಮನೆಯಿಂದ ಫೋನು ಬಂದರೆ ದೇವರೇ ಗತಿ.

ಐಸ್ ಹಾಕಿಯ ಹೋಲಿಕೆ ಇಲ್ಲೇ ಮುಗ್ಗರಿಸುವುದು. ಅಲ್ಲಿ ಆಟ ನಡೆಯುತ್ತಿರುವಾಗಲೇ ಹೊರಗಿನವನು ಒಳಗೆ ಹೋಗಬಹುದು. ಒಂದು ನಿಮಿಷಕ್ಕೇ ಉಸಿರು ಕಟ್ಟುವ ಆಟ ಅದು, ಬದಲಾಯಿಸದೆ ಗತ್ಯಂತರವಿಲ್ಲ. ನಮ್ಮಲ್ಲಿ ಬದಲಿ ಆಟಗಾರನನ್ನು ಇಳಿಸಬೇಕಾದರೆ ಟೈಮ್ ಔಟ್ ಬೇಕು, ಇಲ್ಲವೇ ವಿರಾಮ ಆಗಬೇಕು, ರೆಫ್ರಿ ಒಪ್ಪಬೇಕು. ಟೈಮ್ ಔಟೂ ಒಂದು ಅವಧಿಗೆ ಎರಡೇ, ಮೂವತ್ತು ಸೆಕೆಂಡಿನವು. ಇನ್ನು ಔಟಾಗಿ ಹೊರಗಿರುವವನ ಜಾಗಕ್ಕೆ ಬದಲಿ ಹಾಕುವಂತೆಯೇ ಇಲ್ಲ. ನಾಲ್ಕು ಜನ ಔಟಾಗಿದ್ದಾಗ ಟೈಮ್ ಔಟ್ ಸಿಕ್ಕಿತು ಅನ್ನಿ, ಒಳಗಿರುವ ಮೂವರನ್ನಷ್ಟೇ ಬದಲಾಯಿಸಬಹುದು. ಆ ಮೂವರೇ ತಂಡವನ್ನು ಹಿಡಿದು ನಿಲ್ಲಿಸಿರುವವರು. ಅವರನ್ನು ತೆಗೆದು ಹೊಸಬರನ್ನು ಇಳಿಸಿದರೆ ಎರಡು ರೈಡಿಗೆ ಲೋನಾ. ಆ ಲೋನಾ ಯಾರ ತಲೆಗೆ ಕಟ್ಟುತ್ತಾರೆ? ಈಗಷ್ಟೇ ಇಳಿದ ಮಗುವಿನ ತಲೆಗೆ. ಟೆಂಪೋದಲ್ಲಿ ಊರು ಮುಟ್ಟುವ ತನಕ ಅವನಿಗೆ ಅದೇ ಮಾತು.

ನಾಲ್ಕು ವರ್ಷದ ಹಿಂದೆ ಪಕ್ಕದ ತಾಲ್ಲೂಕಿನ ಒಂದು ಪಂದ್ಯಾವಳಿಯಲ್ಲಿ ಇಂಥದೇ ನಿಯಮ ಇಟ್ಟಿದ್ದರು. ನಾನೇ ಅಂಪೈರು. ಎರಡನೇ ಅವಧಿಯಲ್ಲಿ ಒಬ್ಬ ಕೋಚು ಗಡಿಯಾರ ನೋಡಿಕೊಂಡು ಗಡಿಬಿಡಿಯಲ್ಲಿ ಒಬ್ಬ ಸಣ್ಣ ಹುಡುಗನನ್ನು ತಂದು ಬಲ ಕಾರ್ನರಿನಲ್ಲಿ ನಿಲ್ಲಿಸಿದ. ಎದುರು ತಂಡದವರಿಗೆ ಕಣ್ಣಿಲ್ಲವೇ? ರೈಡರು ನೇರ ಅವನ ಕಡೆಗೇ ನುಗ್ಗಿದ. ಹುಡುಗ ಹೆದರಿ ಓಡಿದ್ದರೆ ಒಂದು ಅಂಕ ಹೋಗುತ್ತಿತ್ತು, ಅಷ್ಟೇ. ಓಡಲಿಲ್ಲ. ಟೀವಿಯಲ್ಲಿ ನೋಡಿದ ಹಾಗೆ ಹಿಮ್ಮಡಿಗೆ ಕೈ ಹಾಕಿದ. ಹಿಮ್ಮಡಿ ಹಿಡಿಯುವಾಗ ತಲೆ ಯಾವ ಕಡೆ ಇರಬೇಕು ಅನ್ನುವುದನ್ನು ತಿಂಗಳುಗಟ್ಟಲೆ ಹೇಳಿಕೊಡಬೇಕಾಗುತ್ತದೆ, ಅವನಿಗೆ ಯಾರೂ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ರೈಡರ ಮಂಡಿ ಬಾಯಿಗೆ ಬಡಿಯಿತು. ಮುಂದಿನ ಹಲ್ಲು ಅರ್ಧ ಮುರಿದು ಅಂಕಣದ ಮಣ್ಣಿನಲ್ಲಿ ಬಿದ್ದಿತ್ತು, ನಾನೇ ಎತ್ತಿಕೊಟ್ಟೆ. ಬಡಿದ ಹುಡುಗನೂ ಅಳುತ್ತಿದ್ದ. ಅವನದೇನು ತಪ್ಪು?

ಆಡಿಸುವುದಾದರೆ ಕಲಿಸಿ ಆಡಿಸಬೇಕು. ಕಲಿಸುವುದಕ್ಕೆ ಪಿ.ಟಿ. ಮೇಷ್ಟ್ರು ಬೇಕು. ಹುದ್ದೆ ಖಾಲಿ ಅಂತ ಮೇಡಂ ಅವರೇ ಬರೆದಿದ್ದಾರೆ. ವರ್ಷವಿಡೀ ಶಾಲೆಯಲ್ಲಿ ಆಗದೇ ಇದ್ದದ್ದನ್ನು ಪಂದ್ಯಾವಳಿಯ ಒಂದು ಸಾಲಿನ ನಿಯಮ ಐದು ನಿಮಿಷದಲ್ಲಿ ಮಾಡಿಕೊಡಲಿ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಅದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ. ಹನ್ನೆರಡು ಜನರನ್ನು ಕರೆತಂದರೆ ಹನ್ನೆರಡನ್ನೂ ಆಡಿಸಬೇಕು ಅಂದರೆ ಕೋಚುಗಳು ಏನು ಮಾಡುತ್ತಾರೆ? ಎಂಟೇ ಜನರನ್ನು ಕರೆತರುತ್ತಾರೆ. ಮೇಲೆ ಹೇಳಿದ ಪಂದ್ಯಾವಳಿಯಲ್ಲಿ ಮಾರನೇ ವರ್ಷ ಆದದ್ದು ಅದೇ. ಎಂಟು ಜನರ ತಂಡ, ಒಂಬತ್ತು ಜನರ ತಂಡ. ‘ಮಿಕ್ಕವರಿಗೆ ಜ್ವರ ಸಾರ್’ ಅಂತ ಎಲ್ಲ ತಂಡಗಳದ್ದೂ ಒಂದೇ ರಾಗ. ನಿಯಮ ಬರುವ ಮುಂಚೆ ಆ ನಾಲ್ಕೈದು ಹುಡುಗರಿಗೆ ಜರ್ಸಿಯಾದರೂ ಸಿಗುತ್ತಿತ್ತು, ಟೆಂಪೋದಲ್ಲಿ ಕೂಗಿಕೊಂಡು ಬರುತ್ತಿದ್ದರು, ಮಧ್ಯಾಹ್ನ ಅನ್ನ ಸಾರು ಪಾಯಸ ಉಣ್ಣುತ್ತಿದ್ದರು. ಈಗ ಅದೂ ಹೋಯಿತು. ನೀರಿನ ಕ್ಯಾನು ಕಾದವನಿಗೆ ಕ್ಯಾನೂ ಇಲ್ಲ.

ಹಾಗಾದರೆ ಏನು ಮಾಡೋಣ ಅಂತ ಕೇಳಿ. ನನ್ನ ಕಣ್ಣಿಗೆ ನಾಕ್‌ಔಟ್ ಪದ್ಧತಿಯೇ ಬೆಂಚಿಗಿಂತ ದೊಡ್ಡ ಅನ್ಯಾಯ. ಹದಿನಾರು ತಂಡ ಬಂದರೆ ಎಂಟು ತಂಡ ಮೊದಲ ಪಂದ್ಯಕ್ಕೇ ಮನೆಗೆ. ಪಾವಗಡದಿಂದ ನಸುಕಿನ ಬಸ್ಸು ಹತ್ತಿ ಬಂದ ಮಕ್ಕಳು ಅರ್ಧ ಗಂಟೆ ಆಡಿ ವಾಪಸ್ಸು ಹೋಗುತ್ತವೆ. ನಾಲ್ಕು ನಾಲ್ಕು ತಂಡದ ಗುಂಪು ಮಾಡಿ ಲೀಗ್ ಆಡಿಸಿದರೆ ಪ್ರತಿ ತಂಡಕ್ಕೂ ಮೂರು ಪಂದ್ಯ ಗ್ಯಾರಂಟಿ. ಮೂರು ಪಂದ್ಯವಿದ್ದರೆ ಕೋಚಿಗೆ ತಾನಾಗಿಯೇ ಬೆಂಚಿನವರು ಬೇಕಾಗುತ್ತಾರೆ, ಅದೇ ಏಳು ಜನ ಮೂರೂ ಆಡಿದರೆ ಕಾಲು ಬಿದ್ದುಹೋಗುತ್ತೆ.

ನನಗೂ ಲೆಕ್ಕ ಬರುತ್ತೆ ಮೇಡಂ. ನಾಕ್‌ಔಟಿನಲ್ಲಿ 15 ಪಂದ್ಯ, ಲೀಗಿನಲ್ಲಿ ಗುಂಪಿಗೆ ಆರರಂತೆ 24, ಸೆಮಿಫೈನಲ್ಲು ಫೈನಲ್ಲು ಸೇರಿ 27. ಹದಿನೈದು ನಿಮಿಷದ ಅವಧಿ ಹಿಡಿದರೆ, ವಿರಾಮ, ತಂಡ ಕರೆಯುವುದು, ಜಗಳ ಬಿಡಿಸುವುದು ಎಲ್ಲ ಸೇರಿ ಒಂದೊಂದು ಪಂದ್ಯಕ್ಕೆ ಮುಕ್ಕಾಲು ಗಂಟೆ. ಎರಡು ಅಂಕಣ ಹಾಕಿದರೂ ಹತ್ತು ಗಂಟೆಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ರಾತ್ರಿ ಹತ್ತರ ಮೇಲೆ ಮೈಕು ಹಾಕುವಂತಿಲ್ಲ, 2000ನೇ ಇಸವಿಯಿಂದ ಆ ನಿಯಮ ಇದೆ, ಪೊಲೀಸರು ಬಂದು ನಿಲ್ಲುತ್ತಾರೆ. ಅದಕ್ಕೇ ನಾನು ಹೇಳುವುದು, ಮಕ್ಕಳ ಲೀಗಿಗೆ ಅವಧಿಯನ್ನು ಹತ್ತು ನಿಮಿಷಕ್ಕೆ ಇಳಿಸಿ. ಪಂದ್ಯಕ್ಕೆ 35 ನಿಮಿಷದಂತೆ ಎರಡು ಅಂಕಣದಲ್ಲಿ ಸುಮಾರು ಎಂಟು ಗಂಟೆ ಹೊತ್ತಿನಲ್ಲಿ ಮುಗಿಯುತ್ತದೆ. ನೋಡಿ, ನಿಯಮಕ್ಕೆ ನಾನೂ ಕೈ ಹಾಕಿದೆ. ಆ ಮಟ್ಟಿಗೆ ಮೇಡಂ ಗೆದ್ದರು.

ಬೆಂಚಿನವರಿಗೆ ಬೇರೆಯೇ ಒಂದು ಆಟ ಇಡಬಹುದು. ಎರಡು ತಂಡದ ಬೆಂಚಿನ ಐವರು ಐವರು, ಹತ್ತು ನಿಮಿಷ. ಅಂಕ ಪಟ್ಟಿಗೆ ಸೇರುವುದಿಲ್ಲ. ಸಮಯ ಎಲ್ಲಿದೆ ಅಂತೀರಾ? ಇದೆ. ಉದ್ಘಾಟನೆ ಒಂಬತ್ತಕ್ಕೆ ಅಂತ ಫ್ಲೆಕ್ಸಿನಲ್ಲಿ ಹಾಕಿರುತ್ತೇವೆ, ಮುಖ್ಯ ಅತಿಥಿಗಳು ಬರುವುದು ಹನ್ನೊಂದಕ್ಕೆ. ಆ ಎರಡು ಗಂಟೆ ಸುಣ್ಣ ಬಳಿದ ಅಂಕಣ ಖಾಲಿ ಬಿದ್ದಿರುತ್ತದೆ, ಮಕ್ಕಳು ಪೆಂಡಾಲಿನ ಕಂಬಕ್ಕೆ ಒರಗಿ ಕೂತಿರುತ್ತವೆ.

ಹೋದ ಸಲ ನಮ್ಮೂರಿನಲ್ಲಿ ಹೇಳದೆ ಕೇಳದೆ ಹಾಗೆ ಆಡಿಸಿಬಿಟ್ಟೆ. ಸೀಟಿ ನನ್ನ ಕೈಲಿತ್ತು, ಯಾರನ್ನು ಕೇಳುವುದು? ಅತಿಥಿಗಳ ಕಾರು ಬಂದಾಗ ಪಂದ್ಯ 9–8ರಲ್ಲಿತ್ತು, ಇನ್ನೂ ಎರಡು ನಿಮಿಷ ಬಾಕಿ. ಸಂಘದವರು ಹಾರ ಹಿಡಿದುಕೊಂಡು ಬಂದು ‘ನಿಲ್ಲಿಸಣ್ಣೋ, ನಿಲ್ಲಿಸಣ್ಣೋ’ ಅಂತ ಕೈ ಮಾಡುತ್ತಿದ್ದರು. ನಾನು ಆ ಕಡೆ ತಿರುಗಲಿಲ್ಲ. ಅತಿಥಿಗಳು ಗೆರೆಯ ಹತ್ತಿರ ಬಂದು ಚಪ್ಪಲಿ ಬಿಟ್ಟು ನಿಂತು, ‘ಯಾವ ಊರಿನ ಹುಡುಗ್ರಪ್ಪ ಇವ್ರು?’ ಅಂತ ಪಕ್ಕದವರನ್ನು ಕೇಳುತ್ತಿದ್ದರು.